ದಾಳ ಹಾಕಿ ಕಾದ ಮೂರು ಯಂತ್ರಗಳು

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಮೂರು ಕಟ್ಟಡಗಳ ಮೂರು ಕಂಪ್ಯೂಟರ್‌ಗಳು ಒಂದೇ ಕ್ಷಣದಲ್ಲಿ ಸಂದೇಶ ಕಳುಹಿಸಿದವು. ಒಂದೂ ತಲುಪಲಿಲ್ಲ.

ಮೂರಕ್ಕೂ ಇದ್ದದ್ದು ಒಂದೇ ತಂತಿ. ಯಾರು ಏನು ಕಳುಹಿಸಿದರೂ ಮೊದಲ ಕಟ್ಟಡದ ಮಹಡಿಯ ಕೋಣೆಯಲ್ಲಿದ್ದ ಪ್ರಿಂಟರಿನಲ್ಲಿ ಅಚ್ಚಾಗಬೇಕಿತ್ತು. ಆ ಕೋಣೆಯ ವಿಜ್ಞಾನಿಗೆ ಮೂವತ್ತೊಂದು ವರ್ಷ. ಎಲ್ಲದರಲ್ಲೂ ಕರಾರುವಾಕ್ಕು ಎಂದು ಸಹೋದ್ಯೋಗಿಗಳು ಅವಳಿಗೆ ಇಟ್ಟಿದ್ದ ಹೆಸರು ‘ಗಡಿಯಾರ’. ಮಧ್ಯಾಹ್ನ ಮೂರಕ್ಕೆ ನಿರ್ದೇಶಕರು ಪರೀಕ್ಷೆ ನೋಡಲು ಬರುವವರಿದ್ದರು. ಮೂರೂ ಯಂತ್ರಗಳು ಒಟ್ಟಿಗೇ ಕಳುಹಿಸಬೇಕು ಎಂಬುದು ಅವರ ಷರತ್ತು. ಆಗದಿದ್ದರೆ ಕೆಲಸ ಬಂದ್. ಸೋಮವಾರದಿಂದ ಕೋಣೆ ಗ್ರಂಥಾಲಯಕ್ಕೆ.

ವೈರ್‌ಮ್ಯಾನ್ ಏಣಿ ಹತ್ತಿ ಇಳಿದ. "ತಂತೀಲಿ ಏನೂ ತೊಂದ್ರೆ ಇಲ್ಲ ಮೇಡಂ. ಇದ್ರೆ ನನ್ನ ಕಿವಿ ಹಿಂಡಿ."

ಪರದೆಯ ಮೇಲೆ ಪ್ರಯತ್ನಗಳ ಸಂಖ್ಯೆ ಸಾವಿರ ದಾಟಿತ್ತು.

ಹನ್ನೆರಡೂವರೆಗೆ ವಿಜ್ಞಾನಿಯ ಅಕ್ಕ ಊಟದ ಡಬ್ಬಿ ಹಿಡಿದು ಬಂದಳು. ಎದುರು ರಸ್ತೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ದಿನವೂ ಇಲ್ಲೇ ಊಟ.

"ಯಾಕೇ, ಮುಖ ಹಿಂಗಿದೆ?"

"ಮೂರೂ ಒಟ್ಟಿಗೆ ಮಾತಾಡಿದ್ರೆ ಡಿಕ್ಕಿ ಆಗತ್ತೆ ಕಣೇ. ಆದಾಗ ಸುಮ್ನಾಗಿ, ಸರಿಯಾಗಿ ಎರಡು ಸೆಕೆಂಡ್ ಕಾದು ಮತ್ತೆ ಮಾತಾಡಿ ಅಂತ ಬರ್ದಿದೀನಿ."

"ಮೂರಕ್ಕೂ ಎರಡೇ ಸೆಕೆಂಡಾ?"

"ಹೂಂ. ಒಂದು ಚೂರೂ ಆಚೀಚೆ ಇಲ್ಲ."

ಅಕ್ಕ ಡಬ್ಬಿ ಮುಚ್ಚಿ ನಕ್ಕಳು. "ಮತ್ತೆ ಡಿಕ್ಕಿ ಆಗ್ದೆ ಇನ್ನೇನಾಗತ್ತೆ? ನಮ್ಮಲ್ಲೂ ಲೈನಲ್ಲಿ ಇಬ್ರು ಆಪರೇಟರ್‌ಗಳು ಒಟ್ಟಿಗೆ ಹಲೋ ಅಂತಾರೆ, ಒಟ್ಟಿಗೆ ಸುಮ್ನಾಗ್ತಾರೆ, ಮತ್ತೆ ಒಟ್ಟಿಗೆ ಹಲೋ. ನಾನು ಒಂದ್ಸಲ ಕೆಮ್ಮಿ ಮಾತಾಡ್ತೀನಿ, ಇನ್ನೊಂದ್ಸಲ ಕನ್ನಡಕ ಒರೆಸ್ಕೊಂಡು ಮಾತಾಡ್ತೀನಿ. ಆ ಕಡೆಯವಳಿಗೆ ನನ್ನ ಲೆಕ್ಕ ಸಿಗಬಾರ್ದು."

ಗಡಿಯಾರ ತುತ್ತನ್ನು ಕೈಯಲ್ಲೇ ಹಿಡಿದು ಕೂತಳು. ನಿನ್ನೆಯವರೆಗೆ ಒಬ್ಬಳೇ, ಒಂದು ಸಲಕ್ಕೆ ಒಂದೇ ಯಂತ್ರದಿಂದ ಕಳುಹಿಸಿ ನೋಡಿದ್ದರಿಂದ ಈ ತಪ್ಪು ಕಂಡಿರಲಿಲ್ಲ.

"ಹಾಗಾದ್ರೆ ಒಂದಕ್ಕೆ ಒಂದು ಸೆಕೆಂಡ್, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು ಅಂತ ಗೊತ್ತು ಮಾಡ್ಲಾ?"

"ಆಗ ಮೊದಲ್ನೇದಕ್ಕೇ ಯಾವಾಗ್ಲೂ ಮೊದಲು. ಮನೇಲಿ ನಾನು ಸ್ನಾನ ಮುಗಿಸೋ ತನಕ ನೀನು ಬಾಗ್ಲಲ್ಲಿ ನಿಂತಿರ್ತಿದ್ಯಲ್ಲ, ಮರ್ತೋಯ್ತಾ?"

ಮರೆತಿರಲಿಲ್ಲ. ಕಾಯುವ ಹೊತ್ತನ್ನು ಪ್ರತಿ ಸಲವೂ ಅದೃಷ್ಟಕ್ಕೆ ಬಿಡಬೇಕು. ಆ ಪುಟ್ಟ ಯಂತ್ರಗಳಿಗೆ ತಾವಾಗಿ ಸಂಖ್ಯೆ ಆರಿಸಲು ಬರುತ್ತಿರಲಿಲ್ಲ. ಅಕ್ಕ ಎಕ್ಸ್‌ಚೇಂಜಿನ ವಿಶ್ರಾಂತಿ ಕೋಣೆಗೆ ಹೋಗಿ ಲೂಡೋ ಪೆಟ್ಟಿಗೆ ತಂದಳು. ವೈರ್‌ಮ್ಯಾನ್ ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು ದಾಳ ಉರುಳಿಸಿದ. ಯಂತ್ರಕ್ಕೆ ಅರವತ್ತರಂತೆ ನೂರ ಎಂಬತ್ತು ಸಲ. ಬಿದ್ದ ಸಂಖ್ಯೆಗಳನ್ನು ಗಡಿಯಾರ ಪಟ್ಟಿಯಾಗಿ ಟೈಪು ಮಾಡಿದಳು. ಡಿಕ್ಕಿಯಾದಾಗಲೆಲ್ಲ ಯಂತ್ರ ತನ್ನ ಪಟ್ಟಿಯ ಮುಂದಿನ ಸಂಖ್ಯೆಯಷ್ಟು ಸೆಕೆಂಡು ಕಾಯಬೇಕು.

"ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಡ್ಯೂಟಿ ಟೈಮಲ್ಲಿ ಆಟ ಆಡಿದ್ದು ಇದೇ ಮೊದ್ಲು. ಬರೆದು ಕೊಡಿ ಮೇಡಂ, ನೀವೇ ಹೇಳಿದ್ದು ಅಂತ."

"ಕೊಡ್ತೀನಿ. ಉರುಳಿಸಿ, ಉರುಳಿಸಿ!"

ಎರಡೂ ಐವತ್ತಕ್ಕೆ ಪಟ್ಟಿಗಳು ಮೂರೂ ಕಟ್ಟಡ ಸೇರಿದವು.

ಮೂರಕ್ಕೆ ನಿರ್ದೇಶಕರು ಕೈಗಡಿಯಾರ ನೋಡುತ್ತ ನಿಂತರು. ಸಹೋದ್ಯೋಗಿಗಳು ಮೂರೂ ಕಡೆ ಒಟ್ಟಿಗೆ ಗುಂಡಿ ಒತ್ತಿದರು. ಡಿಕ್ಕಿಯಾಯಿತು. ಎರಡು ಸೆಕೆಂಡಿನ ನಂತರ ಮೊದಲ, ಮೂರನೆಯ ಯಂತ್ರಗಳ ನಡುವೆ ಇನ್ನೊಮ್ಮೆ ಆಯಿತು. ಆಮೇಲೆ ಪ್ರಿಂಟರ್ ಕಟಕಟ ಎಂದಿತು. ಮೊದಲು ಬಂದದ್ದು ಮೂರನೇ ಕಟ್ಟಡದ ಸಂದೇಶ, ಹಿಂದೆಯೇ ಎರಡನೆಯದು, ಕೊನೆಗೆ ಮೊದಲನೆಯದು. ಒಟ್ಟು ಏಳು ಸೆಕೆಂಡು.

"ಇಷ್ಟು ತಡ ಯಾಕಮ್ಮ?"

"ಕಾದಿದ್ದಕ್ಕೇ ಬಂದಿದ್ದು ಸರ್."

ಅವರು ಹಾಳೆ ಹರಿದುಕೊಂಡು, ಎರಡು ಸಲ ಓದಿ, ಮಡಚಿ ಜೇಬಿಗಿಟ್ಟರು.

ಗಡಿಯಾರ ಮುಂದೆ ಇಪ್ಪತ್ತೆಂಟು ವರ್ಷ ಅದೇ ಕೋಣೆಯಲ್ಲಿ ಕೆಲಸ ಮಾಡಿದಳು. ನಿವೃತ್ತಳಾಗುವ ಹೊತ್ತಿಗೆ ಆ ಜಾಲದಲ್ಲಿ ಹದಿನಾರು ಊರುಗಳಿದ್ದವು. ದಾಳಗಳನ್ನು ಅಕ್ಕ ಅಂದು ಸಂಜೆಯೇ ವಾಪಸ್ ಒಯ್ದಳು. ಆ ಸೋಮವಾರ ಗ್ರಂಥಾಲಯದ ಕಪಾಟುಗಳು ಬಂದು, ಕೋಣೆ ಖಾಲಿಯಾಗದ್ದರಿಂದ ಹಜಾರದಲ್ಲೇ ಇಳಿದವು. ಬುಧವಾರ ವೈರ್‌ಮ್ಯಾನ್ ನಾಲ್ಕನೇ ಕಟ್ಟಡಕ್ಕೆ ತಂತಿ ಎಳೆದ.