ಅಂಗೈಯ ಆಣೆ

ರೂಪಶ್ರೀ ಸತ್ತ ಸುದ್ದಿ ನನಗೆ ಮುಟ್ಟಿದ್ದು ಸೋಮವಾರ ಬೆಳಿಗ್ಗೆ, ಚಾಮರಾಜನಗರದ ಕೋರ್ಟಿನ ಮೆಟ್ಟಿಲ ಬಳಿ. ಫೋನು ಮಾಡಿದವನು ಅವಳ ತಂದೆ, ಹರವೆಯ ದೊಡ್ಡಮಲ್ಲಪ್ಪ.

"ವಕೀಲ್ರೇ, ನನ್ನ ಮಗಳ್ನ ಕಡುದ್ಬುಟ್ಟ ಕಣಿ" ಎಂದಷ್ಟೇ ಹೇಳಿದ. ಯಾರು ಎಂದು ನಾನು ಕೇಳಲಿಲ್ಲ.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿ ತೋರಿಸಿದರು. ಕುತ್ತಿಗೆಯ ಏಟು ಮೂಳೆಯವರೆಗೆ ಇಳಿದಿತ್ತು. ಮುಖಕ್ಕೆ ಅಡ್ಡ ಹಿಡಿದ ಕೈಗಳು ಚೂರಾಗಿದ್ದವು; ಬಲಗೈಯ ಹೆಬ್ಬೆರಳು ಇರಲೇ ಇಲ್ಲ. ರಕ್ತ ಒಣಗಿದ ಕೂದಲಿಗೆ ತೆಂಗಿನ ನಾರು ಅಂಟಿತ್ತು. ಕಾಯಿ ಸುಲಿಯುವ ಮಚ್ಚಿನಿಂದ ಗಂಡನೇ ಕಡಿದಿದ್ದ.

ಅವಳು ನನ್ನಲ್ಲಿಗೆ ಮೊದಲು ಬಂದದ್ದು ಆರೋಪಿಯಾಗಿ. ಗಂಡ ಸೋಮೇಶ್ ಗುಂಡ್ಲುಪೇಟೆಯಲ್ಲಿ ತರಕಾರಿ ಮಂಡಿ ಇಟ್ಟವನು. ಮದುವೆಯಾದಾಗಿನಿಂದ ಹೊಡೆಯುತ್ತಿದ್ದ, ಕಾದ ಹೆಂಚಿಗೆ ಅವಳ ತೋಳು ಒತ್ತಿದ್ದ. ಒಂದು ದಿನ ಅಡುಗೆಮನೆಯಲ್ಲಿ ಕೆಡವಿ, ಎದೆಯ ಮೇಲೆ ಕೂತು ಕತ್ತು ಹಿಸುಕಿದ. ಉಸಿರು ನಿಲ್ಲುವ ಹೊತ್ತಿಗೆ ಅವಳ ಕೈಗೆ ಕುಡುಗೋಲು ಸಿಕ್ಕಿತು. ಅವನ ಎಡಗೈಯ ನರಗಳು ಕತ್ತರಿಸಿಹೋದವು. ಪೊಲೀಸರು ಅವಳ ಮೇಲೆ ಕೊಲೆ ಯತ್ನದ ಕೇಸು ಹಾಕಿದರು.

ಪಾಟಿ ಸವಾಲಿನಲ್ಲಿ ನಾನು ಅವಳ ಕತ್ತಿನ ಮೇಲಿನ ಬೆರಳ ಗುರುತಿನ ಬಗ್ಗೆ ಕೇಳಿದಾಗ ಸೋಮೇಶ್ ಸಂಕೋಚಪಡಲಿಲ್ಲ. "ಎರಡೂ ಕೈಲಿ ಇಡ್ದಿದ್ದೆ. ನನ್ ಎಂಡ್ತಿ ತಾನೆ?" ಎಂದ. ಆ ಮಾತೇ ಅವಳನ್ನು ಬಿಡಿಸಿತು.

ತೀರ್ಪಿನ ನಂತರ ಸೋಮೇಶನ ಕಡೆಯವರು ಹಿರಿಯರಾದ ಗುರುಪಾದಸ್ವಾಮಿಗಳನ್ನು ಮುಂದಿಟ್ಟುಕೊಂಡು, ತವರಿನಲ್ಲಿದ್ದ ಅವಳನ್ನು ಕರೆದೊಯ್ಯಲು ರಾಜಿಗೆಂದು ಹರವೆಗೆ ಬಂದರು. ನನ್ನನ್ನೂ ಕರೆಸಿದ್ದರು. ಕೊರಳ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಆಡಿದ ಮಾತನ್ನು ಯಾರೂ ಮೀರುವುದಿಲ್ಲವೆಂದು ನಮ್ಮವರು ನಂಬಿದ್ದಾರೆ. ಸೋಮೇಶನ ಆ ಕೈಯಲ್ಲಿ ಬಲವಿರಲಿಲ್ಲ. ಆಣೆಗೆಂದು ಅವನು ಇಟ್ಟುಕೊಂಡ ಲಿಂಗ ಜಾರತೊಡಗಿತು. ದೊಡ್ಡಮಲ್ಲಪ್ಪನೇ ಓಡಿಬಂದು ತನ್ನ ಎರಡೂ ಕೈಗಳನ್ನು ಅಳಿಯನ ಅಂಗೈಗೆ ಆಸರೆಯಾಗಿ ಹಿಡಿದ. ಇನ್ನು ಹೆಂಡತಿಯ ಮೇಲೆ ಕೈಯೆತ್ತುವುದಿಲ್ಲವೆಂದು ಸೋಮೇಶ್ ಆಣೆ ಮಾಡಿದ. ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು.

ನಾನು ದೊಡ್ಡಮಲ್ಲಪ್ಪನನ್ನು ಹಿತ್ತಲಿಗೆ ಕರೆದೊಯ್ದು, ಕಳಿಸಬೇಡ, ಇವನು ಕೊಲ್ಲುತ್ತಾನೆ ಎಂದೆ.

"ಲಿಂಗ ಇಡ್ದವ್ನೆ ವಕೀಲ್ರೇ. ನೀವೂ ಕಟ್ಕೊಂಡಿದ್ದೀರಲ್ಲ? ನೀವೇ ನಂಬ್ದಿದ್ರೆ ಇನ್ಯಾರು ನಂಬ್ತಾರು?"

ಲಿಂಗವನ್ನು ನಂಬುತ್ತೇನೆ, ಆ ಮನುಷ್ಯನನ್ನು ನಂಬುವುದಿಲ್ಲ ಎಂದೆ. ಅವನು ಮುಖ ತಿರುಗಿಸಿಕೊಂಡ. ರೂಪಶ್ರೀಯನ್ನೂ ಕೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು.

"ಅಪ್ಪ ಅವ್ರ ಕೈಗೆ ಕೈ ಕೊಟ್ಬುಟ್ಟವ್ರೆ ಸಾರ್. ಈಗ ನಾ ಒಲ್ಲೆ ಅಂದ್ರೆ ಅಪ್ಪನ್ ಮಾತು ಬಿದ್ದೋಯ್ತದೆ."

ಅವಳು ಗಂಡನ ಮನೆಗೆ ಹೋದ ಮೇಲೆ ಕೆಲವು ತಿಂಗಳು ಅವನು ಸುಮ್ಮನಿದ್ದ. ನನಗೆ ಸುದ್ದಿ ಮುಟ್ಟಿದ ಹಿಂದಿನ ದಿನ, ಭಾನುವಾರ, ಮಂಡಿಯಲ್ಲಿ ಟೀ ಕುಡಿಯುವಾಗ ಲೋಟ ಅವನ ಎಡಗೈಯಿಂದ ಜಾರಿ ಬಿತ್ತಂತೆ. "ಇನ್ನೊಂದು ಕೈನೂ ಎಂಡ್ತಿಗೇ ಕೊಟ್ಬುಡ್ಲಾ ಸೋಮೇಶ. ತುತ್ತು ಮಾಡಿ ಉಣ್ಣುಸ್ತಾಳೆ" ಎಂದು ಜೊತೆಯವನೊಬ್ಬ ಅಣಕಿಸಿದ. ಸೋಮೇಶನೂ ಎಲ್ಲರೊಡನೆ ನಕ್ಕು, ಎದ್ದು ಮನೆಗೆ ಬಂದ.

ರೂಪಶ್ರೀ ಹಜಾರದಲ್ಲಿ ಮಚ್ಚಿನಿಂದ ಕಾಯಿ ಸುಲಿಯುತ್ತಿದ್ದಳು. ಬೆನ್ನಿಗೆ ಒದ್ದ. ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಮಚ್ಚು ಕೈಗೆತ್ತಿಕೊಂಡಾಗ ಅವಳು ಬೀದಿಗೆ ಓಡಿದಳು. ನಲ್ಲಿಯ ಹತ್ತಿರ ನೀರಿಗೆ ನಿಂತ ಹೆಂಗಸರು ಚದುರಿದರು, ಬಾಗಿಲುಗಳು ಮುಚ್ಚಿಕೊಂಡವು. ಬಿಂದಿಗೆಗಳ ನಡುವೆ ಕೆಡವಿ, ಅವಳ ಸದ್ದು ಅಡಗಿದ ಮೇಲೂ ಕಡಿಯುತ್ತಲೇ ಇದ್ದ. ತೆರೆದೇ ಇದ್ದ ನಲ್ಲಿಯ ನೀರು ಚರಂಡಿಗೆ ಕೆಂಪಾಗಿ ಹರಿಯಿತು. ಆಮೇಲೆ ಜಗಲಿಯ ಮೇಲೆ ಕೂತು ಪೊಲೀಸರಿಗಾಗಿ ಕಾದ.

ಆಸ್ಪತ್ರೆಯಿಂದ ನಾವು ಠಾಣೆಗೆ ಹೋದಾಗ ಅವನನ್ನು ಜೀಪಿಗೆ ಹತ್ತಿಸುತ್ತಿದ್ದರು. ದೊಡ್ಡಮಲ್ಲಪ್ಪ ಅಡ್ಡ ನಿಂತು, ಲಿಂಗ ಹಿಡಿದು ಆಣೆ ಮಾಡಿದವನಲ್ಲವೇನೋ ಎಂದು ಕೇಳಿದ.

"ನಾನೆಲ್ಲಿ ಇಡ್ದಿದ್ದೆ ಮಾವ? ನೀವು ತಾನೆ ಇಡ್ದಿದ್ದು" ಎಂದ ಸೋಮೇಶ್.

ದೊಡ್ಡಮಲ್ಲಪ್ಪ ಎರಡೂ ಅಂಗೈಗಳನ್ನು ಠಾಣೆಯ ಗೋಡೆಗೆ ಉಜ್ಜತೊಡಗಿದ. ಚರ್ಮ ಕಿತ್ತು ರಕ್ತ ಬಂದರೂ ಬಿಡಲಿಲ್ಲ. ಇಬ್ಬರು ಕಾನ್‌ಸ್ಟೇಬಲ್‌ಗಳು ಹಿಡಿದು ಎಳೆಯಬೇಕಾಯಿತು.

ಹೆಣವನ್ನು ಗಂಡನ ಕಡೆಗೆ ಕೊಡದೆ ಹರವೆಗೆ ತಂದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ಕಡಿದ ಕುತ್ತಿಗೆ ತಲೆಯನ್ನು ಹೊರಲಿಲ್ಲ. ಬಿಳಿ ಬಟ್ಟೆಯಿಂದ ಹಲಗೆಗೆ ಬಿಗಿದು ಗುಂಡಿಗೆ ಇಳಿಸಿದರು. ತಾಯಿ ಗಂಗಾಂಬಿಕೆ ವಿಭೂತಿ, ಬಿಲ್ವಪತ್ರೆ ಹಾಕಿದಳು. ತಂದೆ ಮಣ್ಣು ಹಾಕಬೇಕೆಂದು ಗುರುಪಾದಸ್ವಾಮಿಗಳು ಕರೆದರು.

"ಈ ಕೈಲಿ ಬ್ಯಾಡ ಬುದ್ಧಿ. ವಕೀಲ್ರು ಹಾಕ್ಲಿ" ಎಂದು ಅವನು ಹಿಂದೆ ಸರಿದು ನಿಂತ.

ನಾನು ಬಗ್ಗಿ ಮಣ್ಣು ತೆಗೆದುಕೊಂಡೆ. ಶಿವನೇ, ಈ ಮಗಳು ಬಹಳ ನೊಂದು ಬಂದಿದ್ದಾಳೆ. ನಿನ್ನ ಬಾಗಿಲಿಂದ ಅವಳನ್ನು ಯಾರೂ ಕರೆದೊಯ್ಯದಿರಲಿ. ನಿನ್ನ ಪಾದದ ಬಳಿ ಅವಳು ಭಯವಿಲ್ಲದೆ ಶಾಂತವಾಗಿರಲಿ.