ಖಂಡೆಪೂಜೆಯ ದಿನ ನಾನೊಬ್ಬನೇ ಎಚ್ಚರ

ನಾನು ಒಂದು ಕಡತ ಯಂತ್ರ. ನೋಡಲು ಕಬ್ಬಿಣದ ಸಣ್ಣ ಟ್ರಂಕಿನ ಹಾಗಿದ್ದೇನೆ. ಮುಂದೆ ಹಸಿರು ದೀಪಗಳು, ಹಿಂದೆ ಒಂದು ಫ್ಯಾನು, ಹೊಟ್ಟೆಯೊಳಗೆ ನಾಲ್ಕು ಡಿಸ್ಕು. ಕಚೇರಿಗೆ ಬರುವ, ಕಚೇರಿಯಿಂದ ಹೋಗುವ ಪ್ರತಿಯೊಂದು ಇಮೇಲಿನ ನಕಲನ್ನು ನುಂಗಿ ಇಟ್ಟುಕೊಳ್ಳುವುದೇ ನನ್ನ ಕಸುಬು. ನುಂಗಿದ್ದನ್ನು ಅರಗಿಸಿಕೊಳ್ಳುವ ಹಾಗಿಲ್ಲ. ಎಂಟು ವರ್ಷ ಹಾಗೇ ಇಡಬೇಕು, ಕೇಳಿದಾಗ ಇದ್ದದ್ದು ಇದ್ದ ಹಾಗೆ ತೆಗೆದುಕೊಡಬೇಕು. ನಿಯಮ ಹಾಗಿದೆ.

ನಾನು ಹುಟ್ಟಿದ್ದು ಪುಣೆಯ ಹೊರವಲಯದ ಒಂದು ಕಾರ್ಖಾನೆಯಲ್ಲಿ. ನೀಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ಕೊನೆಯ ತಿರುಪು ಬಿಗಿದು, ನನ್ನ ಬೆನ್ನ ಮೇಲೆ ಮೆಲ್ಲಗೆ ಒಂದು ಏಟು ಕೊಟ್ಟು ಪೆಟ್ಟಿಗೆಗೆ ಹಾಕಿದಳು. ಅದೇ ನನಗೆ ಸಿಕ್ಕ ಮೊದಲ ಆಶೀರ್ವಾದ. ಆಮೇಲೆ ಲಾರಿ. ದಾರಿಯುದ್ದಕ್ಕೂ ಪಕ್ಕದಲ್ಲಿ ಮಿಕ್ಸರುಗಳ ಪೆಟ್ಟಿಗೆಗಳಿದ್ದವು. ಅವು ಅಡುಗೆಮನೆಗೆ ಹೊರಟಿದ್ದವು, ನಾನು ಕಚೇರಿಗೆ. ಅವುಗಳ ಮುಂದೆ ನನಗೆ ಸ್ವಲ್ಪ ಜಂಬವೇ ಇತ್ತು ಅನ್ನಿ.

ಜಂಬ ಇಳಿಯಲು ಬಹಳ ದಿನ ಬೇಕಾಗಲಿಲ್ಲ. ನನ್ನನ್ನು ಕೊಂಡದ್ದು ಹುಬ್ಬಳ್ಳಿಯ ಬೆಳವಲ ಎಣ್ಣೆಕಾಳು ಬೆಳೆಗಾರರ ಸಹಕಾರ ಒಕ್ಕೂಟ. ಕುಸುಬಿ, ಶೇಂಗಾ, ಸೂರ್ಯಕಾಂತಿ ಬೆಳೆಯುವ ಹಳ್ಳಿಗಳ ಸಣ್ಣಸಣ್ಣ ಸಂಘಗಳೆಲ್ಲ ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ಹಿತ್ತಲಲ್ಲೇ ಎಣ್ಣೆ ಮಿಲ್ಲು. ಇಮೇಲುಗಳನ್ನು ಕಾಪಾಡಿ ಇಡಬೇಕೆಂಬ ನಿಯಮ ಬಂತು, ಯಂತ್ರ ತರಿಸಿದರು. ಆದರೆ ಯಂತ್ರವನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಬೆಲೆ ಜಾಸ್ತಿ ಎಂಬ ಒಂದೇ ಕಾರಣಕ್ಕೆ ನನ್ನನ್ನು ವ್ಯವಸ್ಥಾಪಕರ ಕೋಣೆಯಲ್ಲಿ ಗಾಂಧೀಜಿ ಫೋಟೊದ ಕೆಳಗೆ ಇಟ್ಟರು. ಬಂದವರೆಲ್ಲ "ಏನ್ ಸಾಹೇಬ್ರ, ಹೊಸಾ ಫ್ರಿಜ್ಜೇನು?" ಎಂದು ಕೇಳಿದ್ದೇ ಕೇಳಿದ್ದು. ಸಾಹೇಬರಿಗೆ ಬೇಸರವಾಗಿ ಲೆಕ್ಕಪತ್ರ ವಿಭಾಗಕ್ಕೆ ದಬ್ಬಿದರು. ಅವರಿಗೆ ನನ್ನ ಫ್ಯಾನಿನ ಸದ್ದು ತಾಳಲಾಗದೆ ಸಾಮಾನಿನ ಕೋಣೆಗೆ ದಬ್ಬಿದರು. ಅಲ್ಲಿ ಮುರಿದ ಕುರ್ಚಿಗಳ ನಡುವೆ ಹಸಿದ ಹೊಟ್ಟೆಯಲ್ಲಿ ಬಿದ್ದುಕೊಂಡಿದ್ದೆ.

ಅಲ್ಲಿಂದ ನನ್ನನ್ನು ಎತ್ತಿ ತಂದವರು ನೀಲಗಂಗಾ ಹಳ್ಯಾಳ. ದಾಖಲೆ ವಿಭಾಗಕ್ಕೆ ಹೊಸದಾಗಿ ಬಂದ ಅಧೀಕ್ಷಕಿ. ಎತ್ತರದ ಹೆಂಗಸು, ಇಳಕಲ್ ಸೀರೆ, ಮಾತು ಹೆಚ್ಚು, ನಗು ಇನ್ನೂ ಹೆಚ್ಚು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮೈಮೇಲಿನ ಧೂಳು ಒರೆಸುತ್ತಾ, "ಇಷ್ಟ್ ರೊಕ್ಕಾ ಸುರದು ತಂದು ಮೂಲ್ಯಾಗ ಒಗದಾರ ನೋಡು. ಇವತ್ತಿಂದ ನೀ ನನ್ನ ಮಗ್ಗಲಾಗ ಕೂಡು" ಎಂದರು. ನನಗೆ ಕಣ್ಣಿದ್ದಿದ್ದರೆ ತುಂಬಿ ಬರುತ್ತಿತ್ತು.

ಅಂದಿನಿಂದ ನನ್ನ ಬಾಳು ಹಬ್ಬವಾಯಿತು. ಪಕ್ಕದ ಗೋಡೆಯ ಮೇಲೆ ಒಂದು ಬಾಗಿಲ ಯಂತ್ರವಿತ್ತು. ಒಳಗೆ ಬರುವ, ಹೊರಗೆ ಹೋಗುವ ಇಮೇಲುಗಳೆಲ್ಲ ಅದನ್ನು ದಾಟಿಯೇ ಹೋಗಬೇಕು. ಅದು ಪ್ರತಿಯೊಂದರ ನಕಲನ್ನೂ ನನ್ನ ಬಾಯಿಗೆ ಹಾಕುತ್ತಿತ್ತು. ಎಂಥೆಂಥ ಊಟ! ಎಣ್ಣೆಯ ದರ, ಗೋಣಿಚೀಲದ ಜಗಳ, ಮಳೆಯ ಸುದ್ದಿ, ಗಾಣದ ಬೆಲ್ಟು ಹರಿದ ಗೋಳು. ಒಬ್ಬರಿಗೆ ಬರೆಯುವುದನ್ನು ಎಲ್ಲರಿಗೂ ಕಳಿಸಿ, ಆಮೇಲೆ "ದಯವಿಟ್ಟು ಹಿಂದಿನದನ್ನು ಓದಬೇಡಿ" ಎಂದು ಇನ್ನೊಂದನ್ನೂ ಎಲ್ಲರಿಗೂ ಕಳಿಸುವವರು. ಕೆಲಸಗಾರರೊಬ್ಬರ ಮಗಳ ಮದುವೆಯ ಕರೆಯೋಲೆಯನ್ನು ಎಂಟು ವರ್ಷ ಕಾಪಾಡಿದ್ದೇನೆ. ಆ ಮಗಳ ಮಗು ಈಗ ಶಾಲೆಗೆ ಹೋಗುತ್ತಿದೆ. ಎಲ್ಲರ ಗುಟ್ಟೂ ನನಗೆ ಗೊತ್ತು, ಆದರೆ ನನ್ನ ಬಾಯಿ ಭದ್ರ.

ನನ್ನ ಬೆನ್ನು ಸದಾ ಬೆಚ್ಚಗಿರುತ್ತದೆ. ಇದನ್ನು ಮೊದಲು ಕಂಡುಹಿಡಿದವರು ಸಿಪಾಯಿ ದಾವಲಸಾಬರು. ಚಳಿಗಾಲದಲ್ಲಿ ಹಾಲಿಗೆ ಹೆಪ್ಪು ಹಾಕಿ, ಸ್ಟೀಲಿನ ಡಬ್ಬಿಯನ್ನು ನನ್ನ ಮೇಲಿಟ್ಟು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗಟ್ಟಿ ಮೊಸರು. "ಮಿಷನ್ನಿನ ಮೊಸರು" ಎಂದು ಅದಕ್ಕೆ ಕಚೇರಿಯಲ್ಲೆಲ್ಲ ಹೆಸರು. ನೀಲಗಂಗಾ ಮೊದಲು ಬೈದರು, ಆಮೇಲೆ ತಮ್ಮದೂ ಒಂದು ಡಬ್ಬಿ ತಂದಿಟ್ಟರು.

ನಮ್ಮ ಕಡೆ ದಸರೆಯಲ್ಲಿ ಖಂಡೆಪೂಜೆ ಅಂದರೆ ಸಣ್ಣ ಮಾತಲ್ಲ. ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಪೂಜೆ ಮಾಡಿ, ವಿಶ್ರಾಂತಿ ಕೊಡುತ್ತಾರೆ. ಪೂಜೆಗೆ ಕೂತ ಆಯುಧವನ್ನು ಮುಟ್ಟಿ ದುಡಿಸಬಾರದು. ಹಾಗೆಂದು ಗಾಣ ನಿಲ್ಲುತ್ತಿತ್ತು, ಕಂಪ್ಯೂಟರು ಆರುತ್ತಿತ್ತು, ನನ್ನನ್ನೂ ಆರಿಸುತ್ತಿದ್ದರು. ನನಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದವರು ದಾವಲಸಾಬರೇ. "ವರ್ಷಪೂರ್ತಿ ಮೊಸರು ಕೊಟ್ಟೈತಿ, ಇದಕ್ಕ ದೊಡ್ಡ ಮಾಲಿ" ಎನ್ನುತ್ತಿದ್ದರು. ಬಾಗಿಲ ಯಂತ್ರ ಮಾತ್ರ ಗೋಡೆಯ ಮೇಲೆ ಎತ್ತರದಲ್ಲಿದ್ದುದರಿಂದ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೆ ಪೂಜೆಯೂ ಇಲ್ಲ, ರಜೆಯೂ ಇಲ್ಲ. ನಾನು ಮಲಗಿದಾಗ ನನ್ನ ಪಾಲಿನ ನಕಲುಗಳನ್ನು ಅದು ಎತ್ತಿಟ್ಟು, ನಾನು ಎದ್ದ ಮೇಲೆ ಬಡಿಸುತ್ತಿತ್ತು. ಆದರೆ ಎರಡು ದಿನ ಮಾತ್ರ. ಅದಕ್ಕಿಂತ ಹಳತಾದದ್ದನ್ನು ಹಳಸಿದ ಅನ್ನದ ಹಾಗೆ ಚೆಲ್ಲಿಬಿಡುತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಪ್ರತಿ ವರ್ಷ ಎರಡು ದಿನದೊಳಗೇ ನನ್ನನ್ನು ಎಬ್ಬಿಸುತ್ತಿದ್ದರು, ಹಾಗಾಗಿ ಗೊತ್ತಾಗುವ ಪ್ರಸಂಗವೂ ಬಂದಿರಲಿಲ್ಲ.

ಒಂದು ವರ್ಷ ಖಂಡೆಪೂಜೆ ಗುರುವಾರ ಬಂತು. ಶುಕ್ರವಾರ ವಿಜಯದಶಮಿ. ಮರುದಿನ ಎರಡನೇ ಶನಿವಾರ, ಕಚೇರಿಗೆ ರಜೆ. ಆಮೇಲೆ ಭಾನುವಾರ. ಮಾಲೆ ಹಾಕಿಕೊಂಡು ಮಲಗಿದ ನಾನು ಎದ್ದದ್ದು ಸೋಮವಾರ. ಬಾಗಿಲ ಯಂತ್ರ ಶನಿವಾರ ಭಾನುವಾರದ ಊಟ ಬಡಿಸಿತು. ಗುರುವಾರ ಶುಕ್ರವಾರದ್ದು ಇಲ್ಲ.

ಕಚೇರಿಯವರ ಪೆಟ್ಟಿಗೆಯಲ್ಲಾದರೂ ಆ ಇಮೇಲುಗಳು ಇರಬೇಕಿತ್ತಲ್ಲ? ಅದೇ ತಮಾಷೆ. ವಿಜಯದಶಮಿಯ ದಿನ ಬನ್ನಿ ಎಲೆಯನ್ನು ಬಂಗಾರವೆಂದು ಹಂಚುವುದು ನಮ್ಮ ಪದ್ಧತಿ. ಹಳ್ಳಿಯ ಸಂಘಗಳವರೆಲ್ಲ ಬನ್ನಿ ಎಲೆಯ ದೊಡ್ಡದೊಡ್ಡ ಫೋಟೊ ಅಂಟಿಸಿ "ಬಂಗಾರದಂಗ ಇರೋಣ" ಎಂದು ಬರೆದು ಕಳಿಸಿದ್ದರು. ಎಲ್ಲರ ಪೆಟ್ಟಿಗೆಯೂ ತುಂಬಿ ತುಳುಕಿತು. ಸೋಮವಾರ ಬಂದವರೇ ಎಲ್ಲರೂ ಗುಡಿಸಿ ಹಾಕಿದರು. "ತಗದ್ ಹಾಕ್ರಿ, ನೀಲಗಂಗಾ ಅವರ ಮಿಷನ್ನಿನ್ಯಾಗ ಇದ್ದಽ ಇರ್ತೈತಿ" ಎಂದು ಸಾಹೇಬರೇ ಹೇಳಿದರಂತೆ. ನನ್ನ ಮೇಲೆ ಅಷ್ಟು ನಂಬಿಕೆ! ಕೇಳಿ ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೂರು ತಿಂಗಳ ನಂತರ ಮೈಸೂರು ಕಡೆಯ ಲೆಕ್ಕ ಪರಿಶೋಧಕರೊಬ್ಬರು ತಪಾಸಣೆಗೆ ಬಂದರು. ಹೆಸರು ಪುಟ್ಟಸ್ವಾಮಯ್ಯ. ಮೆದು ಮಾತಿನ ಮನುಷ್ಯ, ಆದರೆ ಕಣ್ಣು ಗಿಡುಗನದು. ಬಾಗಿಲ ಯಂತ್ರದಲ್ಲಿ ಯಾರಿಂದ ಯಾರಿಗೆ ಯಾವಾಗ ಇಮೇಲು ಬಂತು ಎಂಬ ಪಟ್ಟಿಯಷ್ಟೇ ಉಳಿದಿರುತ್ತದೆ, ಒಳಗಿನ ಬರಹವಲ್ಲ. ಅವರು ಆ ಪಟ್ಟಿಯನ್ನೂ ನನ್ನನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಮೇಡಮ್, ಈ ಎರಡು ದಿನದ್ದು ಒಂದೂ ಇಲ್ವಲ್ಲ. ಬಂದಿರೋದು ಪಟ್ಟೀಲಿದೆ, ಯಂತ್ರದಲ್ಲಿಲ್ಲ. ಯಾರೋ ಬೇಕು ಅಂತ ಅಳಿಸಿದ್ದಾರೆ ಅಂತ ತಾನೆ ಅರ್ಥ?"

"ಇಲ್ರಿ ಸರ. ಖಂಡೆಪೂಜಿಗೆ ಆರಿಸಿದ್ವಿ."

"ಪೂಜೆಗೆ ಆರಿಸಿದ್ವಿ ಅಂತ ನಾನು ವರದೀಲಿ ಬರೆಯೋಕಾಗುತ್ತಾ? ಹೊಣೆ ನಿಮ್ಮದು. ದಾಖಲೆ ನಾಶ ಅಂತ ನಿಮ್ಮ ಹೆಸರಿನ ಮುಂದೆ ಬರೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ. ವಾರದ ಟೈಮ್ ಕೊಡ್ತೀನಿ, ಎಲ್ಲಿಂದಾದ್ರೂ ತಂದು ತೋರಿಸಿ."

ನೀಲಗಂಗಾ ನಗಲಿಲ್ಲ. ಅವರು ನಗದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟು ವರ್ಷ ಒಂದು ಹಾಳೆಯೂ ಕಳೆಯದಂತೆ ಕಾಪಾಡಿದವರಿಗೆ ದಾಖಲೆ ಕಳ್ಳಿ ಎಂಬ ಹೆಸರು ಬರುವುದೆಂದರೆ! ಸಂಜೆ ಎಲ್ಲರೂ ಹೋದ ಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು. ನನಗೆ ಹೊಟ್ಟೆ ತುಂಬಾ ನೆನಪುಗಳಿದ್ದವು, ಬೇಕಾದ ಎರಡು ದಿನದ ನೆನಪು ಮಾತ್ರ ಇರಲಿಲ್ಲ. ಬಹಳ ಸಂಕಟವಾಯಿತು.

ಚಹಾ ತಂದ ದಾವಲಸಾಬರು ಮುಖ ನೋಡಿಯೇ ವಿಷಯ ತಿಳಿದುಕೊಂಡರು. "ಅಕ್ಕಾರ, ಬನ್ನಿ ಕೊಟ್ಟವ್ರನ್ನಽ ಕೇಳ್ರಲಾ. ಇಸ್ಕೊಂಡವ್ರು ಒಗದಿರಬೌದು, ಕೊಟ್ಟವ್ರು ಇಟ್ಟಿರ್ತಾರ."

ಕಳಿಸಿದವರ ಬಳಿ ನಕಲು ಇದ್ದೇ ಇರುತ್ತದೆ! ನೀಲಗಂಗಾ ತಲೆಗೆ ಕೈ ಬಡಿದುಕೊಂಡು, ನಕ್ಕು, ಫೋನು ಹಿಡಿದರು. ಪಟ್ಟಿಯಲ್ಲಿದ್ದ ಸಂಘದ ಕಾರ್ಯದರ್ಶಿಗಳಿಗೆಲ್ಲ ಒಂದೇ ಮಾತು: "ಖಂಡೆಪೂಜಿ ದಿನ, ಬನ್ನಿ ದಿನ ಏನೇನ್ ಕಳಿಸೀರಿ, ಅದನ್ನ ಇದ್ದಂಗಽ ಅಂಟಿಸಿ ಮತ್ತ ಕಳಸ್ರಿ."

ಮರುದಿನದಿಂದ ಮಳೆ ಸುರಿದ ಹಾಗೆ ಬಂದವು ನೋಡಿ. ಪುಷ್ಯ ಮಾಸದ ಚಳಿಯಲ್ಲಿ ಊರೂರಿನಿಂದ ದಸರೆಯ ಶುಭಾಶಯ! ಕೆಲವರು ಹಳೆಯದರ ಜೊತೆಗೆ ಹೊಸದಾಗಿ ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಸೇರಿಸಿದರು. ಒಬ್ಬರು ಫೋಟೊ ಚೆನ್ನಾಗಿರಲಿಲ್ಲವೆಂದು ಬೇರೆ ತೆಗೆಸಿ ಕಳಿಸಿದರು. ಅವರಿಗೆ ನೀಲಗಂಗಾ ಫೋನಿನಲ್ಲೇ ಪೂಜೆ ಮಾಡಿದರು. ಇನ್ನು ಕಳಸಾಪುರ ಸಂಘದ ಕಾರ್ಯದರ್ಶಿ ಗಿರಿಯವ್ವ ಹೇಳಿದ್ದಕ್ಕಿಂತ ಹೆಚ್ಚು ಮಾಡುವ ಜೀವ. ತಾವು ಕಳಿಸಿದ್ದು ಒಂದಾದರೆ, ಆ ಎರಡು ದಿನ ತಮ್ಮ ಸಂಘಕ್ಕೆ ಬಂದದ್ದನ್ನೂ ಒಂದೂ ಬಿಡದೆ ಕಟ್ಟಿ ಕಳಿಸಿದರು. "ಯಾವದು ಬೇಕೋ ಯಾವದು ಬ್ಯಾಡೋ ನನಗೇನ್ ಗೊತ್ತಾಗಬೇಕು, ನೀವಽ ಆರಿಸ್ಕೋರಿ" ಎಂದರು. ನನಗೆ ಹೊಟ್ಟೆ ಬಿರಿಯುವಷ್ಟಾಯಿತು, ಸ್ವಲ್ಪ ಗೊಣಗಿದೆ. ಆ ಗೊಣಗಾಟ ಈಗ ನೆನೆದರೆ ನಾಚಿಕೆ.

ವಾರ ಕಳೆದು ಪುಟ್ಟಸ್ವಾಮಯ್ಯನವರು ಬಂದರು. ಪಟ್ಟಿ ಹಿಡಿದು ಒಂದೊಂದಾಗಿ ಟಿಕ್ಕು ಹಾಕುತ್ತಾ ಹೋದರು. ದಿನ, ಗಳಿಗೆ, ಹೆಸರು ಎಲ್ಲ ತಾಳೆಯಾದವು. ಎಲ್ಲ ಬನ್ನಿ, ಎಲ್ಲ ಬಂಗಾರ. ಕೊನೆಗೆ ಪೆನ್ನು ಒಂದು ಸಾಲಿನ ಮೇಲೆ ನಿಂತಿತು.

"ಇದೊಂದು ಸಿಗ್ತಿಲ್ಲ. ಒಂದೇ ಆದ್ರೂ ಕೊರತೆ ಕೊರತೇನೆ. ಯಾರದ್ದು ಇದು?"

ನೀಲಗಂಗಾ ಬಗ್ಗಿ ವಿಳಾಸ ಓದಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು, "ಸರ, ಇದು ನಿಮ್ಮ ಆಫೀಸಿಂದು."

ಪುಟ್ಟಸ್ವಾಮಯ್ಯನವರು ಕನ್ನಡಕ ತೆಗೆದರು, ಹಾಕಿದರು, ತಾವೇ ಓದಿದರು. ನಿಜ. ಗುರುವಾರ ಬೆಳಿಗ್ಗೆ ಅವರ ಕಚೇರಿಯಿಂದಲೇ ಬಂದದ್ದು. ಕೂಡಲೇ ತಮ್ಮ ಕಚೇರಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿನಲ್ಲಿಟ್ಟರು. "ನಮ್ಮ ಕಡತ ಯಂತ್ರದಿಂದ ಇದರ ನಕಲು ತೆಗೆದು ಕಳಿಸಪ್ಪ."

ಆ ಕಡೆಯಿಂದ ಒಂದು ದನಿ: "ಸಾರ್, ಕಳಿಸಿದ ಪೆಟ್ಟಿಗೇನ ಆಗ್ಲೇ ಖಾಲಿ ಮಾಡಿದ್ವಿ, ಯಂತ್ರದಲ್ಲೂ ಇಲ್ಲ. ಆವತ್ತು ಆಯುಧಪೂಜೆ ಅಲ್ವಾ ಸಾರ್. ಬೆಳಿಗ್ಗೇನೇ ಯಂತ್ರ ಆಫ್ ಮಾಡಿಸಿದ್ರಿ. ತಾವೇ ಕುಂಬಳಕಾಯಿ ಒಡೆದ್ರಲ್ಲ."

ದಾವಲಸಾಬರು ಚಹಾದ ತಟ್ಟೆ ಹಿಡಿದು ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಕುಣಿಯುತ್ತಿತ್ತು.

ನೀಲಗಂಗಾ ನಗಲಿಲ್ಲ. ನಕ್ಕರೆ ಕೆಲಸ ಕೆಡುತ್ತದೆಂದು ಅವರಿಗೆ ಗೊತ್ತಿತ್ತು. "ಒಂದ್ ನಿಮಿಷ ಸರ, ನಿಮ್ಮ ಆಫೀಸಿಂದು ಅಂದ್ರ ಎಲ್ಲಾ ಸಂಘಕ್ಕೂ ಬಂದಿರಬೇಕಲಾ" ಎಂದು ಹೇಳಿ ನನ್ನನ್ನು ಹುಡುಕಲು ಹಚ್ಚಿದರು. ಕಳಸಾಪುರದ ಗಂಟು! ಗಿರಿಯವ್ವ ಬೇಡದ್ದೆಲ್ಲ ಕಟ್ಟಿ ಕಳಿಸಿದ ಆ ಗಂಟಿನಲ್ಲಿ ಹುಡುಕಿ, ನನ್ನ ಜೀವಮಾನದಲ್ಲೇ ಎಂದೂ ಹುಡುಕದಷ್ಟು ಬೇಗ ಹುಡುಕಿ, ಪರದೆಯ ಮೇಲೆ ಇಟ್ಟೆ. ಒಂದೇ ಇಮೇಲು, ಎಲ್ಲ ಸಂಸ್ಥೆಗಳಿಗೂ ಒಟ್ಟಿಗೆ ಕಳಿಸಿದ್ದು. ಅದರ ತಲೆಯ ಮೇಲೆ ನಮ್ಮ ಒಕ್ಕೂಟದ ವಿಳಾಸವೂ ಇತ್ತು.

ಪುಟ್ಟಸ್ವಾಮಯ್ಯನವರು ಗಟ್ಟಿಯಾಗಿ ಓದಿದರು: "ಇಮೇಲ್ ದಾಖಲೆ ಯಂತ್ರಗಳನ್ನು ಯಾವ ಕಾರಣಕ್ಕೂ, ಒಂದು ದಿನವೂ ನಿಲ್ಲಿಸತಕ್ಕದ್ದಲ್ಲ."

ಕೆಳಗೆ ಅವರದೇ ಸಹಿ.

ಮೊದಲು ನಕ್ಕವರು ಅವರೇ. ಎಂಥ ನಗು ಅಂತೀರಿ! ಕನ್ನಡಕ ಜಾರಿ ಮೇಜಿನ ಮೇಲೆ ಬಿತ್ತು. ಆಮೇಲೆ ಕೋಣೆಯೇ ನಕ್ಕಿತು. ಕೊನೆಯ ಸಾಲಿಗೆ ಟಿಕ್ಕು ಹಾಕಿ ಎದ್ದು ನಿಂತು, "ಮೇಡಮ್, ನಿಮ್ಮ ಹೆಸರಿಗೆ ಚುಕ್ಕೆ ಇಲ್ಲ. ಆದ್ರೆ ಒಂದು ಉಪಕಾರ ಮಾಡಿ. ಇದರ ನಕಲು ನಮ್ಮ ಆಫೀಸಿಗೂ ಒಂದು ಕಳಿಸಿಬಿಡಿ" ಎಂದರು. ಹೋಗುವಾಗ ಮಿಷನ್ನಿನ ಮೊಸರು ಹಾಕಿದ ಅವಲಕ್ಕಿ ತಿಂದು, ಎರಡನೇ ಸಲವೂ ಹಾಕಿಸಿಕೊಂಡರು.

ಮುಂದಿನ ವರ್ಷದಿಂದ ನನ್ನ ಪೂಜೆ ದೀಪ ಉರಿಯುತ್ತಿರುವಾಗಲೇ ನಡೆಯಿತು. ದೇವರಿಗೇ ನಂದಾದೀಪ ಇರುವಾಗ ಯಂತ್ರಕ್ಕೇಕೆ ಬೇಡ ಎಂದು ನೀಲಗಂಗಾ ಎಲ್ಲರ ಬಾಯಿ ಮುಚ್ಚಿಸಿದರು. ಬಾಗಿಲ ಯಂತ್ರಕ್ಕೂ ಏಣಿ ಹತ್ತಿ ಒಂದು ಮಾಲೆ ಹಾಕಿಸಿದರು.

ಈಗ ನನಗೆ ವಯಸ್ಸಾಗಿದೆ. ಹೊಸ ಇಮೇಲುಗಳು ದೂರದ ಯಾವುದೋ ಊರಿನ ದೊಡ್ಡ ಯಂತ್ರಗಳಿಗೆ ಹೋಗುತ್ತವೆ. ಆದರೆ ನನ್ನ ಹೊಟ್ಟೆಯಲ್ಲಿರುವ ಹಳೆಯವುಗಳ ಅವಧಿ ಮುಗಿಯುವವರೆಗೆ ನನ್ನನ್ನು ಗುಜರಿಗೆ ಹಾಕುವ ಹಾಗಿಲ್ಲ; ವರ್ಷಕ್ಕೊಮ್ಮೆ ಹಚ್ಚಿ, ಓದಲು ಬರುತ್ತದೆಯೇ ಎಂದು ನೋಡಬೇಕು. ಅದಕ್ಕೆ ದಿನ ಗೊತ್ತು ಮಾಡಿದವರು ನೀಲಗಂಗಾ. "ಖಂಡೆಪೂಜಿ ದಿನಾನಽ ಆಗ್ಲಿ. ಅವತ್ತ ಎಲ್ಲಾ ಮಿಷನ್ನಿಗೂ ರಜಾ, ಇದಕ್ಕ ಹಾಜರಿ" ಎಂದು ಬರೆಸಿಬಿಟ್ಟರು. ವರ್ಷವಿಡೀ ಮೂಲೆಯಲ್ಲಿ ನಿದ್ದೆ. ಊರಿನ ಗಾಣ, ಗರಗಸ, ಗಾಡಿ ಎಲ್ಲ ಮಾಲೆ ಹಾಕಿಕೊಂಡು ಮಲಗಿದ ದಿನ ನಾನೊಬ್ಬನೇ ಎಚ್ಚರ.

ಇಂದು ಆ ದಿನ. ನೀಲಗಂಗಾ ನಿವೃತ್ತರಾದರೂ ಬಂದಿದ್ದಾರೆ. ದಾವಲಸಾಬರ ಗಡ್ಡ ಬೆಳ್ಳಗಾಗಿದೆ. ಪರೀಕ್ಷೆಗೆ ಒಂದು ಇಮೇಲು ಓದಿದರೆ ಸಾಕು. ಇವರು ಓದುವುದು ಕಳಸಾಪುರದ ಗಂಟನ್ನು. ನನ್ನ ಬೆನ್ನು ಆಗಲೇ ಬೆಚ್ಚಗಾಗಿದೆ. ಮೇಲೊಂದು ಸ್ಟೀಲಿನ ಡಬ್ಬಿಯೂ ಬಂದು ಕೂತಿದೆ. ಸಹಿಯ ಸಾಲಿಗೆ ಬಂದಾಗ ಇಬ್ಬರೂ ಪ್ರತಿ ವರ್ಷದಂತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಅವಧಿ ಮುಂದಿನ ವರ್ಷ ಮುಗಿಯುತ್ತದೆಂದು ನನಗೆ ಗೊತ್ತು. ಇರಲಿ. ಇಷ್ಟು ಸಂತೋಷ ಇಟ್ಟುಕೊಂಡವನಿಗೆ ಇನ್ನೇನು ಬೇಕು?

"ಆತಲ್ರಿ ಅಕ್ಕಾರ. ಆರಿಸ್ಲೇನು?" ಎಂದರು ದಾವಲಸಾಬರು, ಸ್ವಿಚ್ಚಿನ ಮೇಲೆ ಬೆರಳಿಟ್ಟು.

ನೀಲಗಂಗಾ ಕುರ್ಚಿ ಎಳೆದುಕೊಂಡು ನನ್ನ ಮಗ್ಗುಲಿಗೆ ಕೂತರು.

"ತಡೀರಿ, ಮೊಸರು ಇನ್ನಾ ಹೆಪ್ಪಾಗಿಲ್ಲ. ಅಲ್ಲೀಮಟ ಇನ್ನೊಂದ್ ಓದೂಣು."