ಟೈಟಸ್‌ಗೆ ನಾನು ಹೇಳದೆ ಬಿಟ್ಟದ್ದು

ನನ್ನ ತಂಗಿ ಝೀನಾಳ ಗಂಡ ಟೈಟಸ್ ಯೂಕಾನ್ ನದಿಯ ಮೇಲ್ದಂಡೆಯವನು. ಸಮುದ್ರದಿಂದ ಬಹಳ ಒಳಗಿನ ಸೀಮೆ. ಮದುವೆಯಾದ ಮೇಲೆ ಮೊದಲ ಸಲ ಕೋಡಿಯಾಕ್ ದ್ವೀಪದ ನಮ್ಮ ಊರಿಗೆ ಬಂದಿದ್ದ. ಸಾಲ್ಮನ್ ಮೀನು ಮೊಟ್ಟೆಯಿಡಲು ಸಮುದ್ರದಿಂದ ಹೊಳೆ ಹತ್ತುವ ದಿನಗಳು.

ಊಟಕ್ಕೆ ಕೂತಾಗ ಕೇಳಿದ, "ಅಕ್ಕಾ, ನಾಳೆ ಹೊಳೆ ಹತ್ರ ಕರಡಿ ಎದುರಾದ್ರೆ ಏನ್ ಮಾಡ್ಬೇಕು?"

"ನಿಮ್ಮೂರಿನ ಬಡಕಲು ಕರಡಿ ಅಂದ್ಕೊಂಡ್ಯಾ? ಇಲ್ಲಿಯವು ಅದರ ಎರಡರಷ್ಟು ಇರ್ತಾವೆ. ಚಡ್ಡಿ ಒದ್ದೆ ಮಾಡ್ಕೋಬೇಡ, ಅಷ್ಟು ಸಾಕು," ಎಂದೆ.

ಎಲ್ಲರೂ ನಕ್ಕರು. ಅವನೂ ನಕ್ಕ. ಮತ್ತೆ ಕೇಳಲಿಲ್ಲ.

ಬೆಳಿಗ್ಗೆ ನಾನೂ ಜೊತೆಗೆ ಹೋಗಬೇಕಿತ್ತು. ಮೀನು ಒಣಗಿಸುವ ಹೊಗೆಮನೆಯ ಬೆಂಕಿ ಆರಿತ್ತು, ಅದನ್ನು ಹೊತ್ತಿಸಲು ಉಳಿದೆ. "ನೀನು ಮುಂದೆ ನಡಿ. ತಿರುವಿನಲ್ಲಿ ಚಪ್ಪಟೆ ಬಂಡೆ ಇದೆ, ಅದರ ಮೇಲೆ ನಿಂತ್ಕೋ, ಮೀನು ಚೆನ್ನಾಗಿ ಸಿಗುತ್ತೆ," ಎಂದು ಕಳಿಸಿದೆ. ಅವನ ಹೆಗಲಲ್ಲಿ ಬಂದೂಕಿತ್ತು.

ಆ ಬಂಡೆ ಹರುಕು ಕಿವಿಯ ಹೆಣ್ಣು ಕರಡಿಯದು. ಹನ್ನೊಂದು ವರ್ಷದಿಂದ ಅದು ಅಲ್ಲೇ ಮೀನು ಹಿಡಿಯುತ್ತಿತ್ತು. ಅದು ಬಂದಾಗ ನಾವು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದೆವು, ಅದು ನಮ್ಮತ್ತ ನೋಡದೆ ಹೋಗುತ್ತಿತ್ತು. ಅಷ್ಟೇ ನಮ್ಮ ಒಪ್ಪಂದ. ಅದನ್ನು ಅವನಿಗೆ ನಾನು ಹೇಳಿರಲಿಲ್ಲ.

ಗುಂಡಿನ ಸದ್ದು ಕೇಳಿ ಓಡಿದೆ. ಕರಡಿ ನೀರಿನ ಅಂಚಿನಲ್ಲಿ ಬಿದ್ದಿತ್ತು. ಆಚೆ ಪೊದೆಯಲ್ಲಿ ಆ ವರ್ಷ ಹುಟ್ಟಿದ ಎರಡು ಮರಿಗಳು ಕೂಗುತ್ತಿದ್ದವು. ಟೈಟಸ್ ಬಂದೂಕನ್ನು ಬಂಡೆಯ ಮೇಲಿಟ್ಟ.

"ನೇರ ನನ್ನ ಕಡೆಗೇ ಬಂತು ಅಕ್ಕಾ. ನಮ್ಮಲ್ಲಿ ಕರಡಿಗಳು ಬೇರು, ಹಣ್ಣು ಹುಡುಕ್ಕೊಂಡು ಒಂದೊಂದೂ ದೂರ ದೂರ ಇರ್ತಾವೆ. ಇಷ್ಟು ಹತ್ರ ಬಂತು ಅಂದ್ರೆ ಮೇಲೆ ಬೀಳೋಕೇ."

ಇಲ್ಲಿ ಒಂದೇ ಹೊಳೆಯಲ್ಲಿ ಹತ್ತು ಕರಡಿ ಒಟ್ಟಿಗೆ ಮೀನು ತಿನ್ನುತ್ತವೆ. ಹೊಟ್ಟೆ ತುಂಬಿದ ಪ್ರಾಣಿಗೆ ನಮ್ಮ ಮೇಲೆ ಏನು ಸಿಟ್ಟು? ಎರಡು ಮಾತಿನಲ್ಲಿ ಹೇಳಬಹುದಾಗಿತ್ತು.

ಮಧ್ಯಾಹ್ನ ವನ್ಯಜೀವಿ ಇಲಾಖೆಯವರು ಸಣ್ಣ ವಿಮಾನದಲ್ಲಿ ಬಂದರು. ಟೈಟಸ್ ನಡೆದದ್ದನ್ನು ನಡೆದ ಹಾಗೇ ಹೇಳಿದ. ಅಧಿಕಾರಿ ನನ್ನತ್ತ ತಿರುಗಿದರು. "ಈ ಕರಡಿ ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ," ಎಂದೆ.

ಜೀವ ಉಳಿಸಿಕೊಳ್ಳಲು ಹೊಡೆದದ್ದು ಎಂದು ಬರೆದುಕೊಂಡು, ನಿಯಮದಂತೆ ಚರ್ಮ, ತಲೆಬುರುಡೆ ತೆಗೆದುಕೊಂಡು ಹೋದರು. ಮರಿಗಳು ಅವರ ಕೈಗೆ ಸಿಗಲಿಲ್ಲ. ವಾರದ ಮೇಲೆ ಒಂದು ಮರಿ ಸತ್ತು ಸಿಕ್ಕಿತು. ಇನ್ನೊಂದು ಕಾಣಲೇ ಇಲ್ಲ.

ಟೈಟಸ್ ಆಮೇಲೆ ಹೊಳೆಯ ಕಡೆ ಹೋಗಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಅವನೂ ಝೀನಾಳೂ ಹೊರಡುವ ದಿನ ದೋಣಿಕಟ್ಟೆಯಲ್ಲಿ ತಡೆಯಲಾರದೆ ಹೇಳಿಬಿಟ್ಟೆ. "ತಪ್ಪು ನಿಂದಲ್ಲಪ್ಪ. ಅದು ಬರೋದು ನಂಗೆ ಗೊತ್ತಿತ್ತು."

ಅವನು ಕೈಲಿದ್ದ ಚೀಲ ದೋಣಿಯಲ್ಲಿಟ್ಟ. "ಕರಡಿ ಸತ್ತ ದಿನಾನೇ ಝೀನಾ ಹೇಳಿದ್ಲು ಅಕ್ಕಾ. ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ. ನಾನೂ ಇನ್ನೊಂದ್ಸಲ ಕೇಳ್ಬೇಕಿತ್ತು. ಎಲ್ರೂ ನಕ್ಕರಲ್ಲ, ನಾಚಿಕೆ ಆಯ್ತು."

ನಾನು ದೋಣಿಯ ಹಗ್ಗ ಬಿಚ್ಚಿಕೊಟ್ಟೆ.

ಮರುವಾರ ಇಲಾಖೆಗೆ ಫೋನ್ ಮಾಡಿ, ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡೆ. ಇದರಿಂದ ಈಗ ಏನೂ ಬದಲಾಗುವುದಿಲ್ಲ ಎಂದರು. ಮುಂದಿನ ಬೇಸಿಗೆ ಊರಿಗೆ ಹೊಸ ಮೇಷ್ಟ್ರು ಬಂದರು. ಅವರು ಕೇಳದಿದ್ದರೂ ನಾನೇ ಹೊಳೆಗೆ ಕರೆದುಕೊಂಡು ಹೋಗಿ, ಯಾವ ಕರಡಿ ಎಲ್ಲಿ ನಿಲ್ಲುತ್ತದೆ, ಎತ್ತ ಸರಿಯಬೇಕು ಎಂದು ಒಂದೊಂದಾಗಿ ತೋರಿಸಿದೆ. ಅವರು ಗಮನವಿಟ್ಟು ಕೇಳಿದರು. ನನ್ನ ಮನಸ್ಸು ಮಾತ್ರ ಹಗುರಾಗಲಿಲ್ಲ.